ಇಪ್ಪತ್ತೆರಡು ಗಂಟೆಯಲ್ಲಿ ಆರು

೪ ಮಾರ್ಚ್

ದಾನಿಯವರಿಗೆ ನಮಸ್ಕಾರ.

ಹೆಸರು ಬರೆಯಬಾರದು, ಊರು ಬರೆಯಬಾರದು, ಆಸ್ಪತ್ರೆಯ ಗುರುತು ಸಿಗುವ ಯಾವ ಮಾತನ್ನೂ ಬರೆಯಬಾರದು ಎಂದು ನೋಂದಣಿ ಕಚೇರಿಯವರು ಒಂದು ಹಾಳೆ ಕೊಟ್ಟಿದ್ದಾರೆ. ಪತ್ರವನ್ನು ಮೊದಲು ಅವರು ಓದಿ, ಬೇಡದ್ದನ್ನು ಅಳಿಸಿ, ಆಮೇಲೆ ನಿಮಗೆ ಕಳಿಸುತ್ತಾರಂತೆ. ಆದ್ದರಿಂದ ನಾನೊಬ್ಬ ನಲವತ್ತೊಂಬತ್ತರ ಗಂಡಸು, ನಕ್ಷೆ ಬಿಡಿಸುವುದು ನನ್ನ ಕೆಲಸ ಎಂದಷ್ಟು ತಿಳಿದರೆ ಸಾಕು.

ನನ್ನ ಮೂಳೆಯೊಳಗಿನ ಮಜ್ಜೆ ಕೆಟ್ಟಿತ್ತು. ಅದು ಹುಟ್ಟಿಸುತ್ತಿದ್ದ ರಕ್ತವೇ ನನ್ನನ್ನು ತಿನ್ನುತ್ತಿತ್ತು. ಕಳೆದ ಸೆಪ್ಟೆಂಬರಿನಲ್ಲಿ ನಿಮ್ಮ ರಕ್ತದಿಂದ ಬೇರ್ಪಡಿಸಿದ ಕಣಗಳು ಒಂದು ಚೀಲದಲ್ಲಿ ವಿಮಾನ ಹತ್ತಿ ಬಂದು ನನ್ನೊಳಗೆ ಇಳಿದವು. ಹೊಸ ಮಜ್ಜೆ ಬೇರು ಬಿಟ್ಟಿದೆ. ನನ್ನ ರಕ್ತದ ಗುಂಪು ಮೊದಲು ಬಿ ಇತ್ತು, ಈಗ ಓ. ನಿಮ್ಮದು ಓ ಇರಬೇಕು.

ನಿಮ್ಮ ಬಗ್ಗೆ ನನಗೆ ತಿಳಿಸಿರುವುದು ಮೂರೇ ಸಂಗತಿ. ಹೆಣ್ಣು, ಇಪ್ಪತ್ತೊಂದು ವರ್ಷ, ನಮ್ಮ ಮಾತನ್ನೇ ಆಡುವವರು. ಎಲ್ಲೆಲ್ಲೋ ಚದುರಿಹೋದ ನಮ್ಮಂಥವರಿಗೆ ಹೊಂದುವ ರಕ್ತ ನಮ್ಮವರಲ್ಲೇ ಸಿಗುವುದಂತೆ. ನೀವು ಕಾಲೇಜಿನಲ್ಲಿದ್ದೀರಿ, ಬಹುಶಃ ವೈದ್ಯಕೀಯ ಓದುತ್ತಿದ್ದೀರಿ ಎಂದು ನಾನು ಊಹಿಸಿಕೊಂಡಿದ್ದೇನೆ. ಅಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದೊಡ್ಡ ಮನಸ್ಸು ಬೇರೆ ಯಾರಿಗೆ ಬರುತ್ತದೆ?

ನನಗೆ ಇತ್ತೀಚೆಗೆ ಕೆಲಸದ ನಡುವೆ ಸಿಳ್ಳೆ ಹಾಕುವ ಅಭ್ಯಾಸ ಹತ್ತಿದೆ. ಹೆಂಡತಿ ಹೇಳುತ್ತಾಳೆ: "ಇಪ್ಪತ್ತು ವರ್ಷದಲ್ಲಿ ನೀವು ಒಂದು ಸಲಾನೂ ಸಿಳ್ಳೆ ಹಾಕಿದ್ದು ನಾ ಕಾಣೆ. ಇದು ಆ ಹುಡುಗೀದೇ!"

ನಿಮ್ಮ ಋಣಿ

---

೩೦ ಮಾರ್ಚ್

ನಕ್ಷೆ ಸರ್ ಅವರಿಗೆ,

ನಾನು ಸಿಳ್ಳೆ ಹಾಕುವುದಿಲ್ಲ. ನನಗೆ ಬರುವುದೇ ಇಲ್ಲ. ಅದು ನಿಮ್ಮದೇ.

ಕಾಲೇಜೂ ಇಲ್ಲ. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳು ನಾನು. ಮನೆಯಲ್ಲಿ ಕಷ್ಟ ಇತ್ತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಯಾರೂ ಬಿಡಿಸಲಿಲ್ಲ. ನನಗೆ ಕೂರಲು ಆಗುತ್ತಿರಲಿಲ್ಲ, ಅಷ್ಟೆ. ಬೆಂಚಿನ ಮೇಲೆ ನಲವತ್ತು ನಿಮಿಷ ಕೂತರೆ ಕಾಲೊಳಗೆ ಇರುವೆ ಹರಿದ ಹಾಗಾಗುತ್ತಿತ್ತು. ಆಮೇಲೆ ನಾಲ್ಕು ಕೆಲಸ ಹಿಡಿದು ನಾಲ್ಕನ್ನೂ ಬಿಟ್ಟೆ. ಇದು ಐದನೆಯದು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ ಇದೆ. ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿ ನಾನು, ಇನ್ನೊಂದು ತುದಿ ಜೊತೆಗೆ ಕೆಲಸ ಮಾಡುವ ರೋಲರ್ ಅಕ್ಕ ಹಿಡಿದು ಬಿಸಿ ಉರುಳೆಯೊಳಗೆ ಕೊಡುತ್ತೇವೆ. ಆ ಕಡೆಯಿಂದ ಹಪ್ಪಳದ ಹಾಗೆ ಬರುತ್ತದೆ. ಇಲ್ಲಿ ಕೂರಲು ಕುರ್ಚಿಯೇ ಇಲ್ಲ, ಅದಕ್ಕೇ ಮೂರು ವರ್ಷ ಉಳಿದಿದ್ದೇನೆ.

ದೊಡ್ಡ ಮನಸ್ಸಿನ ಕತೆ ಹೇಳುತ್ತೇನೆ. ಹೋಟೆಲಿನಲ್ಲಿ ಒಂದು ದಿನ ಮಜ್ಜೆ ದಾನಿಗಳ ನೋಂದಣಿ ಕ್ಯಾಂಪ್ ಹಾಕಿದ್ದರು. ಕೆನ್ನೆಯೊಳಗೆ ಹತ್ತಿ ಉಜ್ಜಿಸಿಕೊಂಡು ಹೆಸರು ಬರೆಸಿದವರಿಗೆ ಅರ್ಧ ದಿನ ರಜ. ರೋಲರ್ ಅಕ್ಕ "ಬಾರೇ, ಬಾಯಿ ತೆಗೆದ್ರೆ ರಜ ಸಿಗತ್ತಂತೆ, ನೀನು ಹೇಗಿದ್ರೂ ಮುಚ್ಚೋದಿಲ್ವಲ್ಲ" ಅಂದಳು. ಹೋದೆ. ಎರಡು ವರ್ಷ ಆದ ಮೇಲೆ ನಿಮಗೆ ಹೊಂದುತ್ತದೆ ಎಂದು ಫೋನು ಬಂತು.

ನನ್ನನ್ನು ನೀವು ಅನ್ನಬೇಡಿ. ಕಚೇರಿಯಲ್ಲಿ ಈ ಪತ್ರ ಓದುವ ಮೇಡಂ ನಿಮ್ಮ ಪತ್ರದ ಎರಡು ಕಡೆ ಕಪ್ಪು ಮಸಿ ಬಳಿದಿದ್ದಾರೆ. ಮಸಿ ಮೇಡಂ, ನನ್ನದರಲ್ಲಿ ಬಳಿಯುವಂಥದ್ದು ಏನೂ ಇಲ್ಲ. ಹಾಗೇ ಕಳಿಸಿ.

---

೨ ಮೇ

ತಂಗಿಗೆ,

ನನ್ನ ರಕ್ತವೇ ನಿನ್ನದಾದ ಮೇಲೆ ಮಗಳೇ ಅನ್ನುವುದೋ ತಾಯೀ ಅನ್ನುವುದೋ ತಿಳಿಯದೆ ತಂಗಿ ಎಂದು ಬರೆದಿದ್ದೇನೆ. ನಿನ್ನ ಪತ್ರವನ್ನು ಮೂರು ಸಲ ಓದಿದೆವು. ಹೆಂಡತಿ ಈಗ ಹಾಸಿಗೆ ಬಟ್ಟೆ ಮಡಚುವಾಗಲೆಲ್ಲ "ಆ ತುದಿ ಹಿಡೀರಿ, ನಿಮ್ಮ ತಂಗಿ ಕಸುಬು ಕಲೀರಿ" ಎಂದು ಕರೆಯುತ್ತಾಳೆ.

ನಾನೊಂದು ತುಂಟ ಕೆಲಸ ಮಾಡಿದ್ದೇನೆ. ಊರ ಹೆಸರು ಬರೆಯಬಾರದೆಂದು ನಿಯಮವಿದೆ, ಗಂಟೆ ಬರೆಯಬಾರದೆಂದು ಇಲ್ಲ. ಅಳೆಯುವುದು ನನ್ನ ಕಸುಬು. ನಿನ್ನಿಂದ ತೆಗೆಯಲು ಶುರು ಮಾಡುವ ಹೊತ್ತನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿ ವಾರ್ಡಿನ ಬೋರ್ಡಿನ ಮೇಲೆ ಬರೆದಿದ್ದರು. ಅಲ್ಲಿಂದ ಚೀಲ ನನ್ನ ಹಾಸಿಗೆಯ ಪಕ್ಕಕ್ಕೆ ಬರಲು ಇಪ್ಪತ್ತೆರಡು ಗಂಟೆ ಹಿಡಿಯಿತು. ತೆಗೆಯುವುದಕ್ಕೆ ನಾಲ್ಕು ಗಂಟೆ. ನಿನ್ನ ಆಸ್ಪತ್ರೆಯಿಂದ ವಿಮಾನ ಮೇಲೇಳುವ ತನಕ ಮೂರು. ಇಲ್ಲಿ ಇಳಿದು ವಾರ್ಡಿಗೆ ಬರಲು ಒಂದು. ಚೀಲ ತಂದಾತ ಒಂದೇ ವಿಮಾನದಲ್ಲಿ ಬಂದೆ, ನಡುವೆ ಎಲ್ಲೂ ಇಳಿಯಲಿಲ್ಲ ಎಂದು ನರ್ಸಿಗೆ ಹೇಳಿದ್ದ. ಹಾಗಾದರೆ ಹಾರಾಟಕ್ಕೆ ಉಳಿದದ್ದು ಹದಿನಾಲ್ಕು ಗಂಟೆ. ಗಂಟೆಗೆ ಎಂಟುನೂರೈವತ್ತು ಕಿಲೋಮೀಟರಿನಂತೆ ಹನ್ನೆರಡು ಸಾವಿರಕ್ಕೆ ಒಂದು ನೂರು ಕಡಿಮೆ.

ಗೋಳದ ಮೇಲೆ ನಮ್ಮೂರಿಗೆ ದಾರ ಕಟ್ಟಿ ಅಷ್ಟು ದೂರಕ್ಕೆ ಒಂದು ವೃತ್ತ ಎಳೆದೆ. ಬಹುಪಾಲು ಸಮುದ್ರ. ನಮ್ಮೂರಿಗೆ ನೇರ ವಿಮಾನವಿರುವ ಮೂರೇ ಊರುಗಳು ಸಿಕ್ಕವು. ಅದರಲ್ಲಿ ಒಂದು ನಿನ್ನದೇ ಎಂದು ನನ್ನ ಮನಸ್ಸು ಹೇಳಿತು. ಯಾವುದೆಂದು ಬರೆಯುವುದಿಲ್ಲ, ಮೇಡಂ ಬೈದಾರು. ಈಗ ದಿನವೂ ಪತ್ರಿಕೆ ಬಂದ ಕೂಡಲೇ ಆ ಊರಿನ ಹವಾಮಾನ ನೋಡುತ್ತೇನೆ. ಮೊನ್ನೆ ಅಲ್ಲಿ ಬಿರುಗಾಳಿಗೆ ಮನೆಗಳ ಚಾವಣಿ ಹಾರಿದವಂತೆ. ಎರಡು ದಿನ ಊಟ ಸೇರಲಿಲ್ಲ. ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತೀಯಲ್ಲ, ಬಚಾವಾಗಿರುತ್ತೀಯ ಎಂದು ಹೆಂಡತಿ ಸಮಾಧಾನ ಹೇಳಿದಳು.

ಕ್ಷೇಮವಾಗಿದ್ದೇನೆ ಎಂದು ಒಂದು ಸಾಲು ಬರೆ.

---

೨೦ ಮೇ

ನಕ್ಷೆ ಸರ್,

ಕ್ಷೇಮವಾಗಿದ್ದೇನೆ. ಇಲ್ಲಿ ಬಿರುಗಾಳಿ ಬಂದೇ ಇಲ್ಲ. ನೀವು ಊಟ ಬಿಟ್ಟದ್ದು ಯಾವುದೋ ಬೇರೆ ಊರಿಗಾಗಿ. ಆ ವೃತ್ತ ಅಳಿಸಿ.

ಇಷ್ಟಕ್ಕೇ ನಿಲ್ಲಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ, ಅದು ನಿಮ್ಮದಲ್ಲ. ಇಪ್ಪತ್ತೆರಡು ಗಂಟೆಯಲ್ಲಿ ಆರು ಗಂಟೆ ಯಾವ ವಿಮಾನವೂ ಹಾರಲಿಲ್ಲ. ಆ ಆರು ಗಂಟೆ ನಾನು ಓಡಿಹೋಗಿದ್ದೆ.

ನಾಲ್ಕು ದಿನ ಇಂಜೆಕ್ಷನ್ ಕೊಟ್ಟಿದ್ದರು, ಕಣಗಳು ಮೂಳೆಯಿಂದ ರಕ್ತಕ್ಕೆ ಇಳಿಯಲಿ ಎಂದು. ಸೊಂಟದ ಮೂಳೆ ಯಾರೋ ಒಳಗಿನಿಂದ ತಳ್ಳಿದ ಹಾಗೆ ನೋಯುತ್ತಿತ್ತು. ಅದನ್ನು ತಡೆದುಕೊಂಡೆ. ಐದನೇ ದಿನ ಬೆಳಿಗ್ಗೆ ಎಂಟಕ್ಕೆ ತೆಗೆಯಬೇಕಿತ್ತು. ಹಿಂದಿನ ಸಂಜೆ ನರ್ಸ್ ಬಂದು "ನಾಳೆ ನಾಲ್ಕು ಗಂಟೆ ಎರಡೂ ಕೈ ಮಡಚದೆ, ಅಲ್ಲಾಡದೆ ಕೂರ್ಬೇಕಮ್ಮಾ" ಅಂದರು. ನೋವಿಗೆ ಹೆದರದವಳು ಆ ಮಾತಿಗೆ ಹೆದರಿದೆ. ನಗುತ್ತೀರೇನೋ. ನಗಿ.

ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಅತಿಥಿ ಕೋಣೆಯಿಂದ ಕೈಚೀಲ ಹಿಡಿದು ಹೊರಟೆ. ಬಸ್ ನಿಲ್ದಾಣದಲ್ಲಿ ಮೊದಲು ಹೊರಡುವ ಬಸ್ ಯಾವುದೋ ಅದನ್ನೇ ಹತ್ತಿದೆ. ನಾನಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಾರೆ, ಪಟ್ಟಿಯಲ್ಲಿ ಲಕ್ಷ ಜನ ಇದ್ದಾರೆ ಅಂದುಕೊಂಡೆ. ಬಸ್ಸಿನಲ್ಲಿ ಸೆಕೆ. ಗಾಳಿ ಬೀಸಿಕೊಳ್ಳಲು ಕೈಚೀಲದಿಂದ ನಾನು ಸಹಿ ಮಾಡಿದ ಕಾಗದಗಳ ಕಟ್ಟು ತೆಗೆದೆ. ಹದಿನಾಲ್ಕು ಪುಟ. ಒಂದನ್ನೂ ಓದದೆ ಹದಿನಾಲ್ಕಕ್ಕೂ ಸಹಿ ಹಾಕಿದ್ದೆ. ಡಾಕ್ಟರು ಬಾಯಲ್ಲೂ ಹೇಳಿದ್ದರು, ಆಗ ನಾನು ಕಿಟಕಿ ನೋಡುತ್ತಿದ್ದೆ. ಬಸ್ಸಿನಲ್ಲಿ ಮಾಡಲು ಬೇರೆ ಕೆಲಸ ಇಲ್ಲದೆ ಓದಿದೆ. ಒಂಬತ್ತನೇ ಪುಟದಲ್ಲಿತ್ತು. ನನ್ನಿಂದ ತೆಗೆಯುವುದಕ್ಕೆ ಆರು ದಿನ ಮೊದಲೇ ನಿಮಗೆ ಔಷಧಿ ಕೊಟ್ಟು ನಿಮ್ಮ ಮಜ್ಜೆಯನ್ನು ಪೂರ್ತಿ ಸಾಯಿಸಿರುತ್ತಾರೆ, ಆಮೇಲೆ ದಾನಿ ಹಿಂದೆ ಸರಿದರೆ ರೋಗಿ ಉಳಿಯುವುದಿಲ್ಲ ಎಂದು.

ಸರ್, ನಾನು ಆ ಸಾಲಿನ ಮೇಲೆ ಬೆರಳಿಟ್ಟು ಓದಿದೆ, ಎರಡನೇ ಕ್ಲಾಸಿನ ಮಕ್ಕಳ ಹಾಗೆ. ಎದ್ದು "ನಿಲ್ಸಿ, ನಿಲ್ಸಿ" ಎಂದು ಕೂಗಿದೆ. ಕಂಡಕ್ಟರ್ "ಇಲ್ಲಿ ನಾಯೀನೂ ಇಳಿಯಲ್ಲ, ಎಲ್ಲಿಗೆ ಹೋಗ್ತೀಯಮ್ಮಾ" ಅಂದ. ಇಳಿದೆ. ಎರಡೂವರೆ ಗಂಟೆ ದೂರ ಬಂದಿದ್ದೆ. ವಾಪಸ್ ಬಸ್ಸಿಗೆ ಒಂದೂಕಾಲು ಗಂಟೆ ಕಾದೆ. ಆ ಒಂದೂಕಾಲು ಗಂಟೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಎರಡು ಗಂಟೆಗೆ ಆಸ್ಪತ್ರೆ ಸೇರಿದೆ. ಬಾಗಿಲಲ್ಲಿ ಅದೇ ನರ್ಸ್.

"ಎಲ್ಲಿ ಹೋಗಿದ್ದೆ?"

"ಬಸ್ ಹತ್ತಿದ್ದೆ."

"ಈಗ ಇಳಿದ್ಯಾ?"

"ಇಳಿದೆ."

"ಸರಿ. ತೋಳು ಮೇಲೆ ಮಾಡು."

ಅಷ್ಟೇ. ಬೈಯಲೂ ಇಲ್ಲ. ಚೀಲ ಒಯ್ಯುವಾತ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ. ಅವನ ವಿಮಾನ ತಪ್ಪಿತ್ತು, ಆರು ಗಂಟೆ ತಡವಾಗಿ ಹೊರಡುವ ಇನ್ನೊಂದಕ್ಕೆ ಟಿಕೆಟ್ ಬದಲಾಯಿಸಿದರು.

ಹಾರಾಟ ಎಂಟೇ ಗಂಟೆ. ನಿಮಗೂ ನನಗೂ ನಡುವೆ ಆರು ಸಾವಿರದ ಎಂಟುನೂರು ಕಿಲೋಮೀಟರ್. ಉಳಿದ ಐದು ಸಾವಿರ ನನ್ನ ಹೇಡಿತನ.

---

೯ ಆಗಸ್ಟ್

ತಂಗಿಗೆ,

ನಿನ್ನ ಪತ್ರ ತಲುಪಿತು. ಉತ್ತರ ತಡವಾಯಿತು.

ಗಟ್ಟಿಯಾಗಿ ಹೆಂಡತಿಗೆ ಓದಿ ಹೇಳುತ್ತಿದ್ದೆ. ಬಸ್ಸು ಬಂದ ಕೂಡಲೇ ಅವಳು ಎದ್ದು ಒಳಗೆ ಹೋದಳು. ಅವಳಿಗೆ ಗೊತ್ತಿತ್ತಂತೆ. ದಾನಿ ಕಾಣೆಯಾಗಿದ್ದಾಳೆ ಎಂದು ಆ ದಿನವೇ ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದ್ದರಂತೆ. ನಾನು ಗಾಜಿನ ಕೋಣೆಯಲ್ಲಿ ಬೋರ್ಡು ನೋಡುತ್ತ ಮಲಗಿದ್ದೆ, ಅವಳು ಗಾಜಿನ ಆಚೆ ನಿಂತು ನನಗೆ ಕೈ ಬೀಸುತ್ತಿದ್ದಳು. ಇಷ್ಟು ತಿಂಗಳು ಏಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಏನ್ಮಾಡ್ತಿದ್ರಿ? ನೀವೂ ಎದ್ದು ಓಡ್ತಿದ್ರಾ?" ಅಂದಳು.

ನಾನು ಬೋರ್ಡಿನ ಮೇಲೆ ಬರೆದದ್ದನ್ನು ನಡೆದದ್ದು ಎಂದೇ ತಿಳಿದೆ. ಸ್ಥಳಕ್ಕೆ ಹೋಗಿ ಅಳೆಯದೆ ಇನ್ನೊಬ್ಬರ ಅಂಕಿಯನ್ನು ನಕ್ಷೆಗೆ ಏರಿಸಬಾರದು ಎಂದು ಕಿರಿಯರಿಗೆ ದಿನಾ ಪಾಠ ಹೇಳುವವನು ನಾನು.

ಕೈಬರಹ ಸರಿಯಿಲ್ಲ. ಇಲ್ಲಿನ ಹವೆ ಬದಲಾಗಿದೆ, ಬೆರಳು ಮರಗಟ್ಟುತ್ತವೆ. ಕೆಲಸವೂ ಹೆಚ್ಚು. ಇನ್ನು ಸ್ವಲ್ಪ ದಿನ ಬರೆಯಲಾಗದಿರಬಹುದು.

---

೨೮ ಆಗಸ್ಟ್

ನಕ್ಷೆ ಸರ್,

ಮೂರು ತಿಂಗಳು ಕಾದದ್ದಕ್ಕೆ ಅರ್ಧ ಪುಟ ಸಿಕ್ಕಿತು.

ಕೆಲಸ ಹೆಚ್ಚು ಅನ್ನುವುದು ನಾನು ಒಂದು ಜಾಗ ಬಿಡುವಾಗ ಹೇಳುವ ಮಾತು. ಆದ್ದರಿಂದ ನನಗೆ ಅದರ ಅರ್ಥ ಗೊತ್ತು. ನಿಮಗೆ ಸಿಟ್ಟು ಬಂದಿದೆ. ಬರಬೇಕಾದ್ದೇ. ಅತ್ತಿಗೆಯವರು ಗಾಜಿನ ಹೊರಗೆ ನಿಂತು ಕೈ ಬೀಸಿದ್ದು ಓದಿದ ಮೇಲೆ ನನಗೇ ನನ್ನ ಮೇಲೆ ಅಷ್ಟು ಸಿಟ್ಟು ಬಂತು. ರೋಲರ್ ಅಕ್ಕನಿಗೆ ಹೇಳಿದೆ. ಅವಳು "ಯಾರು ಕೇಳಿದ್ರು ಅಂತ ಒಪ್ಪಿಕೊಳ್ಳೋಕೆ ಹೋದೆ? ಸುಮ್ನೆ ಬಿರುಗಾಳಿ ಬಂತು ಅಂತ ಬರೆದಿದ್ರೆ ಮುಗೀತಿತ್ತು" ಎಂದು ಬೈದಳು. ಅವಳಂತೂ ಬೈದಳು. ನೀವೂ ಬೈಯಿರಿ. ಒಂದು ಪುಟ ತುಂಬ ಬೈದು ಬರೆಯಿರಿ, ಓದುತ್ತೇನೆ. ಹವೆ, ಬೆರಳು ಅಂತ ಮಾತ್ರ ಬರೆಯಬೇಡಿ.

---

೧೬ ಸೆಪ್ಟೆಂಬರ್

ಸರ್,

ಇವತ್ತು ಕೆಲಸದಲ್ಲಿದ್ದಾಗ ಕಚೇರಿಯಿಂದ ಫೋನು. ರೋಗಿಯ ಕಾಯಿಲೆ ಮರುಕಳಿಸಿದೆ, ಎರಡನೇ ಸಲ ಕೊಡಲು ಒಪ್ಪುತ್ತೀರಾ, ಒಪ್ಪದಿದ್ದರೂ ತಪ್ಪಿಲ್ಲ, ಯೋಚಿಸಲು ಮೂರು ವಾರ ಇದೆ ಎಂದರು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಜುಲೈ ಎಂದರು.

ಜುಲೈ! ನೀವು ಹವೆ ಬದಲಾಗಿದೆ ಎಂದು ಬರೆದದ್ದು ಆಗಸ್ಟಿನಲ್ಲಿ.

ಈಗ ನನಗೆ ಎಲ್ಲದರ ಮೇಲೂ ಅನುಮಾನ. ತಂಗಿ ಎಂದು ಕರೆದದ್ದು, ವೃತ್ತ ಎಳೆದದ್ದು, ಯಾವುದೋ ಊರಿನ ಗಾಳಿಗೆ ಊಟ ಬಿಟ್ಟದ್ದು, ಇದೆಲ್ಲ ಮತ್ತೊಮ್ಮೆ ಬೇಕಾದೀತು ಎಂದು ನನ್ನನ್ನು ಹತ್ತಿರ ಇಟ್ಟುಕೊಂಡದ್ದೋ? ಹಾಗೆ ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಮನಸ್ಸಿನಲ್ಲಿ ಬಂದದ್ದನ್ನು ಬಚ್ಚಿಟ್ಟು ಬೇರೆ ಬರೆದರೆ ನಾನೂ ಹವಾಮಾನ ಬರೆದ ಹಾಗೇ ಆಗುತ್ತದೆ. ನಾನು ಓಡಿದ್ದನ್ನು ನಿಮಗೆ ಹೇಳಿದೆ. ನೀವು ಸಾಯುತ್ತಿರುವುದನ್ನು ನನಗೆ ಹೇಳಲಿಲ್ಲ.

ಅಮ್ಮನಿಗೆ ತಿಳಿಸಿದೆ. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. "ಆಸ್ಪತ್ರೆಯವ್ರು ಸ್ವಲ್ಪ ಅಂದ್ರೆ ಎಷ್ಟು ಅಂತ ನಂಗೆ ಗೊತ್ತು. ಒಂದು ಸಲ ಕೊಟ್ಟಿದ್ದಾಯ್ತಲ್ಲ, ಸಾಕು. ಮೈ ಏನು ನಲ್ಲೀನಾ, ತಿರುಗಿಸಿದಾಗೆಲ್ಲ ಬರೋಕೆ?" ಅಂದಳು.

ಕಚೇರಿಗೆ ಇನ್ನೂ ಏನೂ ಹೇಳಿಲ್ಲ.

---

೨೭ ಸೆಪ್ಟೆಂಬರ್

ತಂಗಿಗೆ,

ನಿನ್ನ ಎರಡು ಪತ್ರ ಒಂದೇ ದಿನ ಬಂದವು. ಬೈಯಬೇಕೆಂದು ಕೇಳಿದ್ದೂ, ನೀನು ಬೈದದ್ದೂ.

ಜುಲೈ ಹನ್ನೊಂದರಂದು ನನಗೆ ತಿಳಿಯಿತು. ಆಗಲೇ ನಿನಗೆ ಬರೆಯಲು ಕೂತೆ. ಬರೆದರೆ ಕೇಳಿದ ಹಾಗಾಗುತ್ತದೆ, ರೋಗಿ ದಾನಿಯನ್ನು ಕೇಳಬಾರದು ಎಂದು ಕಚೇರಿಯವರು ಕೊಟ್ಟ ಹಾಳೆಯಲ್ಲಿದೆ. ಅದು ಒಂದು ಕಾರಣ. ಇನ್ನೊಂದನ್ನೂ ಹೇಳಬೇಕು. ನೀನು ಓಡಿಹೋದವಳು ಎಂದು ತಿಳಿದ ಮೇಲೆ, ಈ ಸುದ್ದಿ ಕೇಳಿದರೆ ಮತ್ತೆ ಓಡುತ್ತೀಯ ಎಂದು ನಾನು ಹೆದರಿದೆ. ನಿನ್ನ ಒಳ್ಳೆಯತನಕ್ಕಾಗಿ ಸುಮ್ಮನಿದ್ದೆ ಎಂದು ಹೇಳಿದರೆ ಅರ್ಧ ಸುಳ್ಳು. ನನ್ನ ಭಯಕ್ಕೂ ಸುಮ್ಮನಿದ್ದೆ.

ಮೊದಲ ಪತ್ರ ಬರೆದಾಗ ನಾನು ಪೂರ್ತಿ ಗುಣವಾಗಿದ್ದೇನೆ ಎಂದೇ ನಂಬಿದ್ದೆ. ನಂಬುವುದೂ ಬಿಡುವುದೂ ನಿನಗೆ ಬಿಟ್ಟದ್ದು.

[ಇಲ್ಲಿ ನಾಲ್ಕು ಸಾಲು ಅಳಿಸಲಾಗಿದೆ]

ಬೇಡ ಎನ್ನಲು ನಿನಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿನ್ನ ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು "ಅದನ್ನ ಯಾಕ್ ಬರೀತೀರಿ, ತಪ್ಪಿದೆ ಅಂತ ಬರೀರಿ" ಎನ್ನುತ್ತಿದ್ದಾಳೆ. ಅವಳು ಹೇಳಿದ್ದನ್ನೂ ಬರೆದಿದ್ದೇನೆ, ಇನ್ನು ಏನನ್ನೂ ಬಚ್ಚಿಡಬಾರದೆಂದು.

---

೮ ಅಕ್ಟೋಬರ್

ನಕ್ಷೆ ಸರ್,

ಮಸಿ ಮೇಡಂ, ಮೊದಲು ನಿಮಗೊಂದು ತಪ್ಪೊಪ್ಪಿಗೆ. ಸರ್ ಪತ್ರದಲ್ಲಿ ನೀವು ಮಸಿ ಬಳಿದ ನಾಲ್ಕು ಸಾಲನ್ನು ಓದಿದೆ. ನೆಲಮಾಳಿಗೆಯಲ್ಲಿ ಕಲೆ ಹುಡುಕಲು ಒಂದು ಗಾಜಿನ ಮೇಜು ಇದೆ, ಕೆಳಗಿನಿಂದ ದೀಪ ಉರಿಯುತ್ತದೆ. ಅದರ ಮೇಲಿಟ್ಟರೆ ನಿಮ್ಮ ಮಸಿಯೊಳಗಿನ ಅಕ್ಷರ ಕಾಣುತ್ತದೆ. ಇನ್ನು ಮೇಲೆ ಬೇರೆ ಮಸಿ ತನ್ನಿ.

ಸರ್, ಅದರಲ್ಲಿ ನೀವು ಬರೆದದ್ದು ಇದು: ಈ ಸಲವೂ ಮೊದಲು ನಿಮ್ಮ ಮಜ್ಜೆ ಸಾಯಿಸಿ ಆಮೇಲೆ ನನ್ನಿಂದ ತೆಗೆಯುತ್ತಾರೆ, ಔಷಧಿ ಶುರುವಾದ ಮೇಲೆ ನಿಮಗೆ ಹಿಂದಕ್ಕೆ ದಾರಿಯಿಲ್ಲ.

ನಾನು ಒಪ್ಪಿದ್ದೇನೆ. ನಿನ್ನೆ ಫೋನ್ ಮಾಡಿ ಹೇಳಿದೆ. ಅಮ್ಮ ಎರಡು ದಿನದಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ, ಪಾತ್ರೆಗಳ ಹತ್ತಿರ ಮಾತಾಡುತ್ತಿದ್ದಾಳೆ. "ನೋಡು ತಟ್ಟೆ, ನಮ್ಮನೇಲಿ ದೊಡ್ಡೋರಾಗಿದ್ದಾರೆ" ಅಂತ.

ಆದರೆ ಒಂದು ಷರತ್ತು ಹಾಕಿದ್ದೇನೆ. ಮೊದಲು ನನ್ನಿಂದ ತೆಗೆಯಲಿ. ತೆಗೆದು ಮಂಜುಗಟ್ಟಿಸಿ ಇಡಲು ಬರುತ್ತದಂತೆ. ಚೀಲ ನಿಮ್ಮ ಊರು ಸೇರಿ ನಿಮ್ಮ ಆಸ್ಪತ್ರೆಯ ಪೆಟ್ಟಿಗೆಯೊಳಗೆ ಬಿದ್ದ ಮೇಲೆ ನಿಮ್ಮ ಔಷಧಿ ಶುರು ಮಾಡಲಿ. ಕಚೇರಿಯವರು "ನೀವು ಒಪ್ಪಿದ್ದೀರಲ್ಲ, ಇನ್ನೇನು ಭಯ?" ಎಂದರು. ಹೋದ ಸಲವೂ ಒಪ್ಪಿದ್ದೆ. ಹದಿನಾಲ್ಕು ಪುಟಕ್ಕೂ ಸಹಿ ಹಾಕಿದ್ದೆ. ನನ್ನ ತಲೆ ಒಪ್ಪಿದರೂ ನನ್ನ ಕಾಲು ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಈ ಸಲ ಹದಿನಾಲ್ಕು ಪುಟವನ್ನೂ ಓದಿದೆ, ಎರಡು ದಿನ ಹಿಡಿಯಿತು. ಓದಿದ ಮೇಲೆ ಭಯ ಜಾಸ್ತಿಯಾಗಿದೆ.

ನನ್ನನ್ನು ನಂಬಿ ಔಷಧಿ ತಗೊಳ್ಳಬೇಡಿ. ಕೈ ಮುಗಿದು ಕೇಳುತ್ತೇನೆ. ಮೊದಲು ನನ್ನದು, ಆಮೇಲೆ ನಿಮ್ಮದು.

---

೧೯ ಅಕ್ಟೋಬರ್

ತಂಗಿಗೆ,

ಇದನ್ನು ಕಚೇರಿಯವರು ಇವತ್ತೇ ಕಳಿಸಿಕೊಡುವುದಾಗಿ ಒಪ್ಪಿದ್ದಾರೆ, ಅದಕ್ಕೆ ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಷರತ್ತನ್ನು ಡಾಕ್ಟರ ಮುಂದಿಟ್ಟೆ. ಅವರು ಎರಡು ಅಂಕಿ ಬರೆದು ತೋರಿಸಿದರು. ಮಂಜುಗಟ್ಟಿಸಿ ಕರಗಿಸಿದರೆ ಕಣಗಳಲ್ಲಿ ಒಂದು ಪಾಲು ಸಾಯುತ್ತದೆ. ಮೊದಲ ಸಲವಾಗಿದ್ದರೆ ಉಳಿದದ್ದು ಸಾಕಾಗುತ್ತಿತ್ತು. ಈಗ ನನ್ನ ಮೈಯಲ್ಲಿ ತಡೆಯುವ ಶಕ್ತಿ ಕಡಿಮೆ, ತಾಜಾ ಬಂದರೇ ಮೇಲು ಎಂದರು. ಒಂದು ಕಡೆ ಅವರ ಅಂಕಿ, ಇನ್ನೊಂದು ಕಡೆ ನಿನ್ನ ಕಾಲು. ಯಾವುದನ್ನು ಆರಿಸುತ್ತೀರಿ ಎಂದು ಕೇಳಿದರು.

ಹೆಂಡತಿ ಅತ್ತಳು, ಕಿರುಚಿದಳು. "ಆ ಹುಡುಗೀನೇ ನಂಬಬೇಡಿ ಅಂತ ಕೈ ಮುಗೀತಿದ್ದಾಳೆ, ನಿಮಗೇನು ಬಂದಿದೆ ರೋಗ!" ಅಂದಳು. ಆಮೇಲೆ, ರೋಗ ಬಂದೇ ಇದೆಯಲ್ಲ ಎಂದು ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಮತ್ತೆ ಅದನ್ನೇ ಹೇಳಿದಳು.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಎದೆಯ ನಳಿಕೆಯಲ್ಲಿ ಮೊದಲ ಔಷಧಿ ಇಳಿಯಿತು.

ಇದು ನಿನ್ನ ಮೇಲಿನ ದೊಡ್ಡ ನಂಬಿಕೆ ಎಂದುಕೊಳ್ಳಬೇಡ. ತಾಜಾ ಬೇಕಿತ್ತು, ಬೇರೆ ದಾರಿ ಕಾಣಲಿಲ್ಲ. ನಾನು ಚೆನ್ನಾಗಿ ಹೆದರಿದ್ದೇನೆ. ಬೋರ್ಡಿನ ಮೇಲೆ ಇಪ್ಪತ್ತೈದನೇ ತಾರೀಖು ಬರೆದಿದ್ದಾರೆ. ನೋಡಬಾರದೆಂದು ಗೋಡೆಯ ಕಡೆ ತಿರುಗಿ ಮಲಗಿದ್ದೇನೆ.

---

೨೫ ಅಕ್ಟೋಬರ್

ನಕ್ಷೆ ಸರ್,

ಅಕ್ಷರ ನನ್ನದಲ್ಲ, ಅಮ್ಮನದು. ನನ್ನ ಎರಡು ಕೈಗೂ ಸೂಜಿ ಚುಚ್ಚಿದ್ದಾರೆ, ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ ಇನ್ನೊಂದರಿಂದ ವಾಪಸ್ ಬರುತ್ತಿದೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಹೇಳಿದ್ದನ್ನೇ ಬರೆಯಬೇಕು, ಬುದ್ಧಿವಾದ ಸೇರಿಸಬಾರದು ಎಂದು ಮಾತಾಗಿದೆ.

ನಿಮ್ಮ ಪತ್ರ ಇಪ್ಪತ್ತರಂದು ಕೈಗೆ ಬಂತು. ಓದಿ ನಿಮ್ಮನ್ನು ಬೈದೆ, ಜೋರಾಗಿ, ಬೀದಿಯಲ್ಲೇ. ಮನೆಗೆ ಬಂದು ಅಮ್ಮನಿಗೆ ಕೊಟ್ಟೆ. ಅಮ್ಮ ಓದಿದಳು. ಇಪ್ಪತ್ತೊಂದರಂದು ಇಂಜೆಕ್ಷನ್ನಿಗೆ ಹೊರಟಾಗ ಅವಳೂ ರಜ ಹಾಕಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಇವತ್ತು ಬೆಳಿಗ್ಗೆ ಅತಿಥಿ ಕೋಣೆಯಲ್ಲಿ ಆರೂವರೆಗೆ ಎದ್ದೆ. ಹೋಗಬೇಕು ಅನ್ನಿಸಲಿಲ್ಲ ಎಂದರೆ ಸುಳ್ಳು. ಎದ್ದು ಬಾಗಿಲ ತನಕ ಹೋದೆ. ಅಮ್ಮ ಮಂಚದಲ್ಲೇ ಮಲಗಿದ್ದವಳು "ಚಪ್ಪಲಿ ಬಚ್ಚಿಡ್ಲಾ?" ಅಂದಳು. "ಬೇಡ" ಅಂದೆ. "ಮತ್ತೆ?" ಅಂದಳು. "ಜೊತೆಗೆ ನಡಿ, ನನ್ನ ಕೈ ಹಿಡ್ಕೋ" ಅಂದೆ. ಎಂಟು ಗಂಟೆ ಅಂದಿ‌ದ್ದರು, ಏಳಕ್ಕೇ ಹೋಗಿ ಬಾಗಿಲು ಬಡಿದೆವು. ಗುಡಿಸುವವರು ಇನ್ನೂ ಗುಡಿಸುತ್ತಿದ್ದರು. ಅಮ್ಮ ಅವರಿಗೆ ಮೂಲೆ ಬಿಟ್ಟಿದ್ದೀರಿ ಎಂದು ತೋರಿಸಿದಳು.

ಈಗ ಎರಡು ಗಂಟೆ ಕಳೆದಿದೆ, ಇನ್ನೆರಡು ಇದೆ. ಕಾಲಲ್ಲಿ ಇರುವೆ ಹರಿಯುತ್ತಿದೆ. ಅಮ್ಮ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದು ಕೈಯಲ್ಲಿ ನನ್ನ ಪಾದ ಒತ್ತಿ ಹಿಡಿದಿದ್ದಾಳೆ. ಅದಕ್ಕೇ ಅಕ್ಷರ ಸೊಟ್ಟ. ಚೀಲ ನಿಧಾನ ತುಂಬುತ್ತಿದೆ, ಟೊಮೆಟೊ ಸಾರಿನ ಬಣ್ಣ. ನೋಡಿದರೆ ತಲೆ ತಿರುಗುತ್ತದೆ, ಆದರೂ ನೋಡುತ್ತಿದ್ದೇನೆ. ಪೆಟ್ಟಿಗೆಯವನು ಬಂದಿದ್ದಾನೆ. ಹೋದ ಸಲದವನಲ್ಲ, ಬೇರೆಯವನು. ಇವನಿಗೆ ನನ್ನ ಸುದ್ದಿ ಗೊತ್ತಿಲ್ಲ, ಆರಾಮಾಗಿ ಪತ್ರಿಕೆ ಓದುತ್ತಿದ್ದಾನೆ.

ನಿಮಗೆ ಇನ್ನೂ ಏನೋ ಹೇಳಬೇಕಿತ್ತು. ಮರೆತುಹೋಯಿತು. ಮಾತಾಡಿದರೆ ತುಟಿ ಜುಮ್ಮೆನ್ನುತ್ತದೆ

ಅಣ್ಣಾ, ಇದು ಅವಳ ತಾಯಿ. ಯಂತ್ರ ನಿಲ್ಲಿಸಿದರು. ಅವಳಿಗೆ ನಿದ್ದೆ ಹತ್ತಿದೆ, ಸೂಜಿ ತೆಗೆದದ್ದೂ ತಿಳಿಯಲಿಲ್ಲ. ಆದ್ದರಿಂದ ಇಷ್ಟನ್ನು ನಾನೇ ಬರೆಯುತ್ತಿದ್ದೇನೆ. ಪೆಟ್ಟಿಗೆ ಹನ್ನೆರಡೂ ಹತ್ತಕ್ಕೆ ಹೊರಟಿತು. ಲಿಫ್ಟಿನ ತನಕ ನಾನೇ ಹೋಗಿ ನೋಡಿಬಂದೆ.

ನನಗೆ ಇದು ಇಷ್ಟವಿರಲಿಲ್ಲ. ಈಗಲೂ ಇಲ್ಲ. ನನ್ನ ಮಗಳು ಹುಟ್ಟಿದಾಗಿನಿಂದ ಒಂದು ಕಡೆ ನಾಲ್ಕು ಗಂಟೆ ಕೂತದ್ದನ್ನು ನಾನು ಇವತ್ತೇ ಮೊದಲ ಸಲ ನೋಡಿದೆ. ಮೂರನೇ ಸಲ ಕೇಳುವ ಹಾಗೆ ಮಾಡಬೇಡಿ. ಬದುಕಿಕೊಳ್ಳಿ.